ಸಂಜೆಯ ನಾಲ್ಕು ತಾಸು

ಆ ಮನೆಯಲ್ಲಿ ನಾನು ಮೊದಲು ಅಳೆದದ್ದು ಗೋಡೆಯ ಸಾಕೆಟ್ಟಿನ ವೋಲ್ಟೇಜು. ಫೆಬ್ರುವರಿಯ ಒಂದು ಸಂಜೆ, ಆರು ಗಂಟೆ. ಮೀಟರಿನ ಎರಡು ಕಡ್ಡಿ ತೂರಿಸಿದಾಗ ನೂರಾ ಎಂಬತ್ತೆರಡು ತೋರಿಸಿತು. ಇರಬೇಕಾದದ್ದು ಇನ್ನೂರಾ ಮೂವತ್ತು. ನಾನು ನೋಡುತ್ತಿದ್ದಂತೆಯೇ ದೂರದಲ್ಲಿ ಹಿಟ್ಟಿನ ಗಿರಣಿ ಶುರುವಾಯಿತು. ಫ್ಯಾನು ನಿಧಾನವಾಯಿತು, ಮೀಟರು ನೂರಾ ಐವತ್ತಕ್ಕೆ ಇಳಿಯಿತು, ಮಂಚದ ಪಕ್ಕದಲ್ಲಿದ್ದ ಆಕ್ಸಿಜನ್ ಯಂತ್ರ ಒಂದೇ ಸಮನೆ ಕೂಗಿ ನಿಂತುಬಿಟ್ಟಿತು. ಮಂಚದ ಮೇಲಿದ್ದ ಹೆಂಗಸು ಮೂಗಿನ ನಳಿಗೆ ತೆಗೆಯದೆಯೇ ಎರಡೂ ಕೈ ಮೊಣಕಾಲಿಗೆ ಊರಿ ಮುಂದಕ್ಕೆ ಬಾಗಿದರು. ಮನೆಯವರು ಯಾರೂ ಗಾಬರಿಯಾಗಲಿಲ್ಲ. ಮಗ ಎದ್ದು ಮೂಲೆಯ ಸಿಲಿಂಡರಿನ ಕೀಲಿ ತಿರುಗಿಸಿದ.

"ದಿನಾ ಹಿಂಗರಿ" ಎಂದಳು ಸೊಸೆ. "ಹತ್ತರ ತನಕಾ."

ನಾನು ಬೈಲಹೊಂಗಲದ ಒಂದು ಸೋಲಾರ್ ಅಂಗಡಿಯಲ್ಲಿ ರಿಪೇರಿ ಮತ್ತು ಜೋಡಣೆಯ ಕೆಲಸ ಮಾಡುತ್ತೇನೆ. ಮುನವಳ್ಳಿ ದಾಟಿ ಮಲಪ್ರಭೆಯ ದಂಡೆಗಿದ್ದ ಒಂದು ಹಳ್ಳಿಗೆ ನೆರೆ ಬಂದ ಮೇಲೆ, ಮೇಲಿನ ಎರೆಭೂಮಿಯಲ್ಲಿ ನಲವತ್ತು ಚಿಲ್ಲರೆ ಮನೆಗಳನ್ನು ಕಟ್ಟಿಕೊಟ್ಟಿದ್ದರು. ಜನ ಅದನ್ನು 'ಪ್ಲಾಟು' ಎಂದೇ ಕರೆಯುತ್ತಾರೆ. ಎಲ್ಲ ಮನೆಗಳಿಗೂ, ಗಿರಣಿಗೂ ಸೇರಿ ಕಂಬದ ಮೇಲೆ ಒಂದೇ ಟ್ರಾನ್ಸ್‌ಫಾರ್ಮರು. ಈ ಮನೆ ಲೈನಿನ ಕಟ್ಟಕಡೆಯದು. ಹಗಲು ಜನ ಕೆಲಸಕ್ಕೆ ಹೋಗಿರುವಾಗ ಕರೆಂಟು ನೆಟ್ಟಗಿರುತ್ತಿತ್ತು. ಸಂಜೆ ಎಲ್ಲರೂ ಮನೆಗೆ ಬಂದು ನೀರು ಕಾಯಿಸುವ ಕಾಯಿಲ್ಲು, ಮಿಕ್ಸರು, ಟಾಕಿಗೆ ನೀರೆತ್ತುವ ಮೋಟಾರು ಹಚ್ಚಿದರೆ ಕೊನೆಯ ಮನೆಗೆ ಏನೂ ಉಳಿಯುತ್ತಿರಲಿಲ್ಲ. ದೊಡ್ಡ ಟ್ರಾನ್ಸ್‌ಫಾರ್ಮರಿಗೆ ಊರವರು ಅರ್ಜಿ ಕೊಟ್ಟು ಬಹಳ ದಿನಗಳಾಗಿದ್ದವು.

ಆ ಹೆಂಗಸು ಹಳೆಯ ಊರಿನ ಸಾಲಿಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದವರು. ಗ್ಯಾಸು ಬರುವ ಮೊದಲು ಸಾಲಿಯಲ್ಲೂ ಕಟ್ಟಿಗೆಯ ಒಲೆ, ಮನೆಯಲ್ಲೂ ಕಟ್ಟಿಗೆಯ ಒಲೆ. ಬೀಡಿ ಮುಟ್ಟದವರ ಪುಪ್ಪುಸ ಹೀಗಾಗಿದ್ದು ಕಂಡು ಧಾರವಾಡದ ಡಾಕ್ಟರು, ಎಷ್ಟು ವರ್ಷ ಹೊಗೆಯಲ್ಲಿ ಕೂತಿದ್ದೀರಿ ಎಂದು ಕೇಳಿದ್ದರಂತೆ. ದಿನವಿಡೀ ಆಕ್ಸಿಜನ್ ಬೇಕೆಂದು ಬರೆದುಕೊಟ್ಟು, ಯಂತ್ರವನ್ನೂ ಆಸ್ಪತ್ರೆಯಿಂದಲೇ ಕೊಡಿಸಿದ್ದರು. ಅರ್ಧ ತಾಸು ಬಿಟ್ಟರೂ ಬೆರಳಿಗೆ ಸಿಕ್ಕಿಸುವ ಯಂತ್ರದ ಅಂಕಿ ಎಂಬತ್ತರ ಕೆಳಗೆ ಹೋಗುತ್ತಿತ್ತು. ನಾನು ಅವರನ್ನು ಆಯಿ ಎಂದು ಕರೆದೆ. ಅವರ ಗಂಡನನ್ನು ಅಜ್ಜ ಎಂದೆ. ಅವರು ಗೋಡೆ ಕಟ್ಟುವ ಗೌಂಡಿ ಕೆಲಸ ಮಾಡಿ ಬೆನ್ನು ನೋವಾಗಿ ಬಿಟ್ಟವರು. ಮಗ ಟೆಂಪೋ ಓಡಿಸುತ್ತಿದ್ದ, ಬೆಳಗಾಗುವ ಮೊದಲೇ ಮನೆ ಬಿಡುತ್ತಿದ್ದ. ಸೊಸೆ ಪ್ಲಾಟಿನ ಅಂಗನವಾಡಿಯಲ್ಲಿ ಸಹಾಯಕಿ. ಒಟ್ಟು ನಾಲ್ಕೇ ಜನ.

ಮೊದಲು ಒಂದು ಸ್ಟೆಬಿಲೈಸರ್ ಕೂಡಿಸಿ ನೋಡಿದೆ. ನೂರಾ ನಲವತ್ತರವರೆಗೆ ಅದು ತಡೆದುಕೊಂಡಿತು. ಏಳೂವರೆಗೆ ವೋಲ್ಟೇಜು ನೂರಾ ಇಪ್ಪತ್ತಾರಕ್ಕೆ ಬಂದಾಗ ಅದೂ ಕಟಕಟ ಎಂದು ಕೈಬಿಟ್ಟಿತು. ಹಾಗಾಗಿ ಉಳಿದ ದಾರಿ ಬ್ಯಾಟರಿ. ಅಂಗಡಿಯಲ್ಲಿ ಒಬ್ಬರು ಬದಲಾಯಿಸಿ ಬಿಟ್ಟುಹೋದ ಎರಡು ಟ್ಯೂಬುಲರ್ ಬ್ಯಾಟರಿಗಳಿದ್ದವು. ಒಂದೊಂದೂ ನೂರೈವತ್ತು ಆಂಪಿಯರ್-ತಾಸಿನವು. ಒಂದೊಂದು ಕೋಶದ ಆಮ್ಲ ಎತ್ತಿ ಅಳೆದು, ಎರಡು ದಿನ ಲೋಡ್ ಹಾಕಿ ಪರೀಕ್ಷಿಸಿ, ಇನ್ನೂ ಎರಡು ವರ್ಷ ಬರುತ್ತವೆ ಎಂದು ಮಗನಿಗೆ ಹೇಳಿದವಳು ನಾನೇ. ಹೊಸವನ್ನು ಕೊಳ್ಳುವ ಶಕ್ತಿ ಆ ಮನೆಗಿರಲಿಲ್ಲ. ಛಾವಣಿಯ ಮೇಲೆ ಎರಡು ಪ್ಯಾನೆಲ್ ಕೂಡಿಸಿದೆ, ಒಳಗೆ ಒಂದು ಸಣ್ಣ ಇನ್ವರ್ಟರ್.

ಲೆಕ್ಕ ಬಿಗಿಯಾಗಿತ್ತು. ಯಂತ್ರ ಮುನ್ನೂರೈವತ್ತು ವ್ಯಾಟ್ ತಿನ್ನುತ್ತದೆ. ಬ್ಯಾಟರಿ ಕೆಡಬಾರದೆಂದರೆ ಅರ್ಧದಷ್ಟೇ ಖಾಲಿ ಮಾಡಬೇಕು. ಇನ್ವರ್ಟರಿನ ನಷ್ಟ ಕಳೆದರೆ ಸಿಗುವುದು ಒಂದೂವರೆ ಯೂನಿಟ್ಟು. ಅಂದರೆ ನಾಲ್ಕು ತಾಸು ಚಿಲ್ಲರೆ. ಬೇಕಾದದ್ದೂ ಆರರಿಂದ ಹತ್ತರವರೆಗೆ ನಾಲ್ಕು ತಾಸು. ಆ ಹೊತ್ತಿನಲ್ಲಿ ಬ್ಯಾಟರಿಯಿಂದ ಒಂದು ಫ್ಯಾನು ತಿರುಗಿದರೂ ಆಯಿಯ ಮುಕ್ಕಾಲು ತಾಸಿನ ಉಸಿರು ಹೋದಂತೆ.

ಆದ್ದರಿಂದ ಮನೆಯ ಉಳಿದೆಲ್ಲ ಬಳಕೆಯನ್ನು ಹಗಲಿಗೆ ಸರಿಸಬೇಕಾಗಿತ್ತು. ಆಕ್ಸಿಜನ್ ಇರುವಲ್ಲಿ ಬೆಂಕಿ ಕೂಡದೆಂದು ಡಾಕ್ಟರು ಹೇಳಿದ್ದರಿಂದ ಅವರು ಗ್ಯಾಸಿನ ಒಲೆ ತೆಗೆದು ಇಂಡಕ್ಷನ್ ಇಟ್ಟುಕೊಂಡಿದ್ದರು. ಅಡುಗೆಗೂ ಮಂಚಕ್ಕೂ ನಡುವೆ ಇದ್ದದ್ದು ಅರ್ಧ ಗೋಡೆ. ಸಂಜೆಯ ವೋಲ್ಟೇಜಿಗೆ ಇಂಡಕ್ಷನ್ ಹೊತ್ತಿಕೊಳ್ಳುವುದೇ ಇಲ್ಲ. ನಾನು ರಟ್ಟಿನ ಮೇಲೆ ವೇಳಾಪಟ್ಟಿ ಬರೆದೆ. ಬೆಳಗಿನಿಂದ ಹನ್ನೊಂದರವರೆಗೆ ಬ್ಯಾಟರಿಗೆ ಬಿಸಿಲು, ಬೇರೆ ಏನೂ ಇಲ್ಲ. ಹನ್ನೊಂದರಿಂದ ಮೂರರವರೆಗೆ, ಬಿಸಿಲು ನೆತ್ತಿಯ ಮೇಲಿದ್ದು ಲೈನೂ ನೆಟ್ಟಗಿದ್ದಾಗ, ಮಿಕ್ಸರು, ನೀರಿನ ಮೋಟಾರು, ಇಸ್ತ್ರಿ, ಫೋನ್ ಚಾರ್ಜು, ಎರಡೂ ಹೊತ್ತಿನ ಅಡುಗೆ. ನಾಲ್ಕರ ಮೇಲೆ ಒಂದೇ ಒಂದು ದೀಪ. ಇಂಥ ಪಟ್ಟಿಯನ್ನು ನಾನು ಬೈಲಹೊಂಗಲದಲ್ಲಿ ಎಷ್ಟೋ ಮನೆಗಳಿಗೆ ಬರೆದುಕೊಟ್ಟಿದ್ದೇನೆ. ಬಿಲ್ಲು ಇಳಿಯಿತೆಂದು ಅವರು ಫೋನ್ ಮಾಡಿ ಹೇಳುತ್ತಾರೆ.

ಪಟ್ಟಿಯನ್ನು ಓದಿ ಹೇಳಿದೆ. ಸೊಸೆ ಮೆಲ್ಲಗೆ, "ಹನ್ನೊಂದರಿಂದ ಮೂರರ ತನಕ ನಾ ಅಂಗನವಾಡ್ಯಾಗ ಇರತೇನ್ರಿ ಅಕ್ಕಾರ" ಎಂದಳು.

ಅದನ್ನು ನಾನು ಕೇಳಿಯೇ ಇರಲಿಲ್ಲ. ಯಂತ್ರಗಳಿಗೆಲ್ಲ ಹೊತ್ತು ಗೊತ್ತುಮಾಡಿ, ಅವನ್ನು ನಡೆಸುವ ಕೈ ಆ ಹೊತ್ತಿಗೆ ಎಲ್ಲಿರುತ್ತದೆ ಎಂದು ವಿಚಾರಿಸಿರಲಿಲ್ಲ. ನೌಕರಿ ಬಿಡುವೆ ಎಂದು ಅವಳು ಅನ್ನಬಹುದೆಂದು ನನಗೆ ಭಯವಾಯಿತು. ಅಷ್ಟರಲ್ಲಿ ಬಾಗಿಲ ಹತ್ತಿರ ಕೂತಿದ್ದ ಅಜ್ಜ, "ನಾ ಮನ್ಯಾಗ ಅದೀನಲ್ಲಾ. ಹಗಲೆಲ್ಲಾ ಕುಂತ ಏನ್ ಮಾಡ್ಲಿ" ಎಂದರು.

"ರೊಟ್ಟಿ ಬಡ್ಯಾಕ ಬರತೈತೇನ್ರಿ ನಿಮಗ?" ಎಂದು ಆಯಿ ಕೇಳಿದರು. ಮಾತಿಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು.

"ಬರೂದಿಲ್ಲ. ನೀ ಹೇಳ, ನಾ ಕಲೀತೇನಿ."

ಬ್ಯಾಟರಿಯ ನೀರು ನೋಡಲು ಎರಡು ವಾರಕ್ಕೊಮ್ಮೆ ಹೋಗುತ್ತಿದ್ದೆ. ಮಾರ್ಚಿನಲ್ಲಿ ಒಂದು ಮಧ್ಯಾಹ್ನ ಹೋದಾಗ ಅಜ್ಜ ಇಂಡಕ್ಷನ್ ಮುಂದೆ ಮಣೆ ಹಾಕಿ ಕೂತು ಜೋಳದ ಹಿಟ್ಟು ನಾದುತ್ತಿದ್ದರು. ಆಯಿ ಮಂಚದಿಂದಲೇ ಅರ್ಧ ಗೋಡೆಯ ಮೇಲೆ ಕತ್ತು ಚಾಚಿ ನೋಡುತ್ತಿದ್ದರು. "ಸಿಮೆಂಟ್ ಕಲಸಿದಂಗ ಕಲಸಬ್ಯಾಡ್ರಿ. ಬಿಸಿನೀರ ಹಾಕಿ, ಅಂಗೈಲೆ ತಿಕ್ರಿ" ಎಂದು ಹೇಳಿಕೊಟ್ಟರು. ಅಜ್ಜನ ಅಂಗೈ ಸುಣ್ಣ ಸಿಮೆಂಟು ತಿಂದು ಹಲಗೆಯಾಗಿತ್ತು. ಮೊದಮೊದಲು ರೊಟ್ಟಿಗಳು ದೇಶ ದೇಶದ ನಕಾಶೆಗಳಂತೆ ಬರುತ್ತಿದ್ದವಂತೆ. ಆ ದಿನ ನನಗೆ ಕೊಟ್ಟದ್ದು ದುಂಡಗಿತ್ತು, ಒಂದು ಕಡೆ ದಪ್ಪ. ರಾತ್ರಿಯ ರೊಟ್ಟಿಯನ್ನೂ ಎರಡು ಗಂಟೆಗೇ ಬಡಿದು ಬಟ್ಟೆಯಲ್ಲಿ ಸುತ್ತಿಡುತ್ತಿದ್ದರು. ರಾತ್ರಿ ಅದು ಬಿರುಸಾಗುತ್ತಿತ್ತು. ಸಾರಿನಲ್ಲಿ ನೆನೆಸಿ ತಿನ್ನುತ್ತಿದ್ದರು. ಅಜ್ಜ ದಿನಾ ಮುಂಜಾನೆ ಏಣಿ ಹತ್ತಿ ಎರಡೂ ಪ್ಯಾನೆಲ್ ಒರೆಸುತ್ತಿದ್ದರು. ಬೆನ್ನು ನೋಯುವುದಿಲ್ಲವೇ ಎಂದು ಕೇಳಿದರೆ, ಇಷ್ಟು ಎತ್ತರವನ್ನು ತಾವು ಎತ್ತರವೆಂದೇ ಎಣಿಸುವುದಿಲ್ಲ ಎಂದರು.

ಏಪ್ರಿಲ್, ಮೇ ಎರಡು ತಿಂಗಳು ಎಲ್ಲ ಸರಿಯಾಗಿ ನಡೆಯಿತು. ಮಧ್ಯಾಹ್ನ ಒಂದಕ್ಕೆಲ್ಲ ಬ್ಯಾಟರಿ ತುಂಬುತ್ತಿತ್ತು. ಸಂಜೆ ಆರಕ್ಕೆ ಅಜ್ಜ ಯಂತ್ರದ ಪಿನ್ನು ಕಿತ್ತು ಇನ್ವರ್ಟರಿನ ಸಾಕೆಟ್ಟಿಗೆ ಹಾಕುತ್ತಿದ್ದರು, ಹತ್ತಕ್ಕೆ ತಿರುಗಿ ಗೋಡೆಗೆ. ಸಿಲಿಂಡರಿನ ಕೀಲಿಗೆ ಜೇಡ ಬಲೆ ಕಟ್ಟಿತ್ತು. ಬಿಲ್ಲು ಕೂಡ ಇಳಿದಿದೆ ಎಂದು ಮಗ ತೋರಿಸಿದ. ನಾನು ಅಂಗಡಿಗೆ ಹೋಗಿ ಮಾಲೀಕರ ಎದುರು ಜಂಬ ಕೊಚ್ಚಿಕೊಂಡೆ.

ಜೂನ್ ಎರಡನೆಯ ವಾರ ಮೋಡ ಕವಿಯಿತು. ನಮ್ಮ ಕಡೆ ಮಳೆ ಸುರಿಯುವುದಕ್ಕಿಂತ ಮೋಡ ನಿಲ್ಲುವುದೇ ಹೆಚ್ಚು. ಎಂಟೆಂಟು ದಿನ ಸೂರ್ಯ ಕಾಣಿಸದೆ, ಜಿಟಿಜಿಟಿ ಹನಿಯುತ್ತ ಇರುತ್ತದೆ. ಎರಡೂವರೆ ಯೂನಿಟ್ಟು ಕೊಡುತ್ತಿದ್ದ ಪ್ಯಾನೆಲ್ಲುಗಳು ಅರ್ಧ ಯೂನಿಟ್ಟಿಗೆ ಬಂದವು. ಲೈನಿನಿಂದ ಬ್ಯಾಟರಿ ತುಂಬಿಸಿಕೊಳ್ಳುವ ವ್ಯವಸ್ಥೆ ಇನ್ವರ್ಟರಿನಲ್ಲಿತ್ತು. ಅದನ್ನೇ ನಂಬಿಕೊಂಡಿದ್ದೆ. ಆದರೆ ಗಾಳಿ ಮಳೆಗೆ ಹಗಲಿನ ಕರೆಂಟೂ ಹೋಗಿ ಹೋಗಿ ಬರತೊಡಗಿತು. ಯಂತ್ರ ಹಗಲಿನಲ್ಲೇ ಬ್ಯಾಟರಿ ತಿಂದುಬಿಡುತ್ತಿತ್ತು. ಸಂಜೆ ಆರಕ್ಕೆ ಉಳಿದದ್ದು ಒಂದು ತಾಸಿನಷ್ಟು. ಆಮೇಲೆ ಸಿಲಿಂಡರು. ಒಂದು ಸಿಲಿಂಡರು ಮೂರು ಸಂಜೆಗೆ ಬರುತ್ತಿತ್ತು. ತುಂಬಿಸಿಕೊಂಡು ಬರಲು ಮಗ ಧಾರವಾಡಕ್ಕೆ ಹೋಗಬೇಕು, ಅಂದರೆ ಒಂದು ದಿನದ ಟೆಂಪೋ ನಿಲ್ಲಬೇಕು.

ಜುಲೈಯಲ್ಲಿ ಹೋಗಿ ಕೋಶಗಳ ಆಮ್ಲ ಎತ್ತಿ ನೋಡಿದೆ. ಒಂದು ಬ್ಯಾಟರಿಯ ಮೂರನೆಯ ಕೋಶ ಸತ್ತಿತ್ತು. ತಿಂಗಳಿಡೀ ಅರ್ಧಕ್ಕಿಂತ ಕೆಳಗೆ ಇಳಿಸಿದ ಪರಿಣಾಮ. ಅಂಗಡಿಯಿಂದ ಇನ್ನೊಂದು ಹಳೆಯದನ್ನು ತಂದು ಜೋಡಿಸಿದೆ. ಅದು ಮೊದಲಿನದಕ್ಕಿಂತ ಮುದಿಯಾಗಿತ್ತು. ಇನ್ನೆರಡು ಹೆಚ್ಚಿಗೆ ಹಾಕಿದರೆ ಆಗುವುದಿಲ್ಲವೇ ಎಂದು ಮಗ ಕೇಳಿದ. ಎರಡನ್ನೇ ತುಂಬಲಾರದ ಮೋಡ ನಾಲ್ಕನ್ನು ಹೇಗೆ ತುಂಬೀತು ಎಂದೆ. ಹಾಗೆ ಹೇಳುವಾಗ ನನ್ನ ದನಿ ಗಡುಸಾಗಿತ್ತು. ಆಮೇಲೆ ದಾರಿಯುದ್ದಕ್ಕೂ ಅದೇ ಕಿವಿಯಲ್ಲಿತ್ತು.

ಅದಾದ ನಾಲ್ಕನೆಯ ದಿನ ಸೊಸೆಯ ಫೋನು ಬಂತು. ನಾನು ಮುರಗೋಡದಲ್ಲಿ ಒಂದು ಮನೆಯ ಛಾವಣಿಯ ಮೇಲಿದ್ದೆ. ಆ ದಿನ ಬೆಳಿಗ್ಗೆಯೇ ಪ್ಲಾಟಿನ ಕರೆಂಟು ಹೋಗಿತ್ತು. ಇಂಡಕ್ಷನ್ ಹೊತ್ತಿರಲಿಲ್ಲ. ಆಯಿ ಹಿಂದಿನ ರಾತ್ರಿಯೂ ಊಟ ಮಾಡಿರಲಿಲ್ಲ. ಬಿಸಿ ಗಂಜಿಯಾದರೂ ಕುಡಿಯಲೆಂದು ಅಜ್ಜ ಮನೆಯ ಹಿಂದೆ, ಗೋಡೆಗೆ ಒರಗಿಸಿದ ತಗಡಿನ ಕೆಳಗೆ ಮೂರು ಕಲ್ಲಿಟ್ಟು ಒಲೆ ಹಚ್ಚಿದ್ದರು. ಕಟ್ಟಿಗೆ ಹಸಿಯಾಗಿತ್ತು. ಗಾಳಿ ತಿರುಗಿ ಹೊಗೆಯೆಲ್ಲ ಹಿಂದಿನ ಕಿಟಕಿಯಿಂದ ಒಳಗೆ ನುಗ್ಗಿತು. ಸೊಸೆ ಅಂಗನವಾಡಿಯಿಂದ ಓಡಿಬಂದಾಗ ಆಯಿಯ ತುಟಿ ನೀಲಿಯಾಗಿತ್ತು, ಬೆರಳಿನ ಅಂಕಿ ಎಪ್ಪತ್ತಮೂರು. ಸಿಲಿಂಡರು ಪೂರ್ತಿ ತೆರೆದು, ಸವದತ್ತಿಯ ದವಾಖಾನೆಗೆ ಒಯ್ದರು. ಆರು ದಿನ ಅಲ್ಲಿಟ್ಟುಕೊಂಡು ಕಳಿಸಿದರು. ಮುಂಚೆ ಎರಡು ಲೀಟರಿಗೆ ಇಡುತ್ತಿದ್ದ ಯಂತ್ರವನ್ನು ಮೂರಕ್ಕೆ ಏರಿಸಿದರು.

ಅವರು ಮನೆಗೆ ಬಂದ ದಿನ ನಾನು ಹೋದೆ. ಅಜ್ಜ ನನ್ನ ಮುಖ ನೋಡಲಿಲ್ಲ. ಆಯಿ ಅವರನ್ನು ಬೈಯಲಿಲ್ಲ. "ನನಗ ಗಂಜಿ ಬೇಕಾಗಿತ್ತು. ಕೇಳಿದಾಕಿ ನಾನ" ಎಂದಷ್ಟೇ ಹೇಳಿದರು. ಕೇಳಿರಲಿಲ್ಲ ಎಂದು ಸೊಸೆ ಆಮೇಲೆ ಹೊರಗೆ ಬಂದು ನನಗೆ ಹೇಳಿದಳು.

ಬ್ಯಾಟರಿಯ ದಾರಿ ಮುಗಿದಿತ್ತು. ಮನೆಗೆ ಹಿಂತಿರುಗುವಾಗ ಸ್ಕೂಟಿಯನ್ನು ಟ್ರಾನ್ಸ್‌ಫಾರ್ಮರಿನ ಕಂಬದ ಹತ್ತಿರ ನಿಲ್ಲಿಸಿ ಬಹಳ ಹೊತ್ತು ನೋಡಿದೆ. ಒಂದು ಮನೆಯ ಬಳಕೆಯನ್ನು ಹಗಲಿಗೆ ಸರಿಸಿದರೆ ಆ ಮನೆಯ ಬ್ಯಾಟರಿ ಉಳಿಯುತ್ತದೆ. ನಲವತ್ತು ಮನೆಗಳ ಭಾರವಾದ ಬಳಕೆ ಹಗಲಿಗೆ ಸರಿದರೆ ಸಂಜೆಯ ಲೈನೇ ಉಳಿಯುತ್ತದೆ. ಆಗ ಬ್ಯಾಟರಿಯೇ ಬೇಡ, ಯಂತ್ರ ನೇರ ಗೋಡೆಯಿಂದ ನಡೆಯುತ್ತದೆ. ಇದು ನನ್ನ ಅಂಗಡಿಯ ಕೆಲಸವಲ್ಲ. ಆದರೂ ಮನೆ ಮನೆ ಹೋಗಿ ಕೇಳುವುದೆಂದು ನಿಶ್ಚಯಿಸಿದೆ. ಸೊಸೆಯೂ ಜೊತೆಗೆ ಬರುತ್ತೇನೆಂದಳು. ಅಂಗನವಾಡಿಯ ಮಕ್ಕಳಿಂದಾಗಿ ಎಲ್ಲ ಮನೆಯವರೂ ಅವಳಿಗೆ ಗೊತ್ತು.

ಆಗಸ್ಟಿನ ಮೊದಲ ಎರಡು ರವಿವಾರ ನಾವಿಬ್ಬರೂ ತಿರುಗಿದೆವು. ನೀರಿನ ಮೋಟಾರು, ಕಾಯಿಲ್ಲು, ಇಸ್ತ್ರಿ, ಮಿಕ್ಸರು, ಈ ನಾಲ್ಕನ್ನು ಸಂಜೆ ಆರರಿಂದ ಹತ್ತರವರೆಗೆ ಹಚ್ಚಬೇಡಿ, ಬಿಸಿಲಿರುವಾಗ ಮಾಡಿಕೊಳ್ಳಿ ಎಂದು ಕೇಳಿದೆವು. ಯಾರೂ ಬಾಗಿಲು ಮುಚ್ಚಲಿಲ್ಲ. ಚಹಾ ಕೊಟ್ಟರು. ಆಯಿಯ ಕೈಯಡುಗೆ ಉಂಡ ಮಕ್ಕಳು ಎಲ್ಲ ಮನೆಗಳಲ್ಲೂ ಇದ್ದರು. ಒಂದು ಮನೆಯಲ್ಲಿ ಮಾತ್ರ ಒಬ್ಬ ಹೆಂಗಸು, ಹೊಲದಿಂದ ಆಗಷ್ಟೇ ಬಂದವಳು, ಕಾಲಿನ ಕೆಸರು ತೊಳೆಯುತ್ತಲೇ ಹೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಮಾಡೂಣ್ರಿ ಅಕ್ಕಾರ, ಆಯಿ ಸಲವಾಗಿ ಮಾಡೂಣು. ಆದ್ರ ಬಿಸಲ ಇದ್ದಾಗ ನಾವು ಮನ್ಯಾಗ ಇರೂದಿಲ್ರಿ. ಬಿಸಲ ಇದ್ದಾಗ ನಮ್ಮ ದುಡಿತ ಇರತೈತಿ."

ಗಿರಣಿಯವನನ್ನು ಕೊನೆಗೆ ಕಂಡೆವು. ಹತ್ತು ಅಶ್ವಶಕ್ತಿಯ ಮೋಟಾರು ಅವನದು. ಅವನೊಬ್ಬ ಸಂಜೆ ನಿಲ್ಲಿಸಿದರೆ ಉಳಿದವರೆಲ್ಲ ನಿಲ್ಲಿಸಿದಷ್ಟೇ ಗುಣ. ಹಗಲು ಹಚ್ಚಿದರೆ ಜೋಳ ತರುವವರು ಯಾರು ಎಂದು ಅವನು ಕೇಳಿದ. ಎಲ್ಲರೂ ಕೆಲಸ ಮುಗಿಸಿ ಬಂದು ಸಂಜೆಯೇ ಬೀಸಿಸಿಕೊಂಡು ಹೋಗುವವರು. ಸೊಸೆ, ಸಂಜೆ ಡಬ್ಬಿ ಇಟ್ಟುಹೋಗಲಿ, ನೀವು ಮರುದಿನ ಮಧ್ಯಾಹ್ನ ಬೀಸಿ ಇಡಿ, ಸಂಜೆ ಒಯ್ಯುತ್ತಾರೆ ಎಂದಳು. ಅವನು ಹಾಸುಗಲ್ಲಿನ ಮೇಲಿನ ಹಿಟ್ಟು ಒರೆಸಿದ.

"ನನ್ನ ಮಕ್ಕಳೂ ಆಯಿ ನೀಡಿದ್ದ ಅನ್ನ ಉಂಡಾವು. ನೋಡೂಣ್ರಿ, ಹಚ್ಚೂದಿಲ್ಲ ಸಂಜಿ ಮುಂದ" ಎಂದ.

ಮರುದಿನವೇ ವ್ಯತ್ಯಾಸ ಕಂಡಿತು. ಅಜ್ಜನಿಗೆ ಮೀಟರ್ ಓದುವುದನ್ನು ಕಲಿಸಿ, ನನ್ನ ಹಳೆಯದೊಂದನ್ನು ಕೊಟ್ಟು ಬಂದಿದ್ದೆ. ಸಂಜೆ ಏಳಕ್ಕೆ ಫೋನ್ ಮಾಡಿ ಅಂಕಿ ಹೇಳುತ್ತಿದ್ದರು. ನೂರಾ ಎಂಬತ್ತಾರು. ಮರುದಿನ ನೂರಾ ತೊಂಬತ್ತು. ಒಂದು ದಿನ ನೂರಾ ತೊಂಬತ್ತೆಂಟು ಎಂದರು. ಯಂತ್ರ ಗೋಡೆಯ ಕರೆಂಟಿನಲ್ಲೇ ಸಂಜೆಯಿಡೀ ನಡೆಯಿತು. ಹದಿನೇಳು ದಿನ ಹಾಗೆ ನಡೆಯಿತು. ಆ ಅಂಕಿಗಳನ್ನು ನಾನು ಬರೆದಿಟ್ಟುಕೊಂಡಿದ್ದರಿಂದ ದಿನಗಳ ಲೆಕ್ಕ ಗೊತ್ತು.

ಆಮೇಲೆ ಹೆಸರುಕಾಯಿ ಬಿಡಿಸುವ ಸುಗ್ಗಿ ಬಂತು. ಮಳೆ ಮತ್ತೆ ಹಿಡಿಯುವ ಮೊದಲು ಕಾಯಿ ಒಳಗೆ ಬರಬೇಕೆಂದು ಮಕ್ಕಳು ಮುದುಕರು ಎಲ್ಲ ಹೊಲಕ್ಕೆ. ಕತ್ತಲಾದ ಮೇಲೆ ಮೈಯೆಲ್ಲ ತುರಿಸುವ ಸುಂಕು ಹತ್ತಿಸಿಕೊಂಡು ಬಂದವರು ಬಿಸಿನೀರಿಲ್ಲದೆ ಹೇಗೆ ಮೀಯಬೇಕು? ಮೊದಲು ಒಂದು ಮನೆಯ ಕಾಯಿಲ್ಲು ಹತ್ತಿತು, ಆಮೇಲೆ ಹತ್ತು ಮನೆಯದು. ಗಿರಣಿಯವನ ಗಿರಾಕಿಗಳು ಡಬ್ಬಿ ಇಟ್ಟುಹೋಗುವ ತಾಪತ್ರಯ ಬೇಡವೆಂದು ಪಕ್ಕದ ಊರಿನ ಗಿರಣಿಗೆ ಹೋಗತೊಡಗಿದ್ದರು. ಅವನು ಆಯಿಯ ಮನೆಗೇ ಬಂದು, ಬಾಗಿಲಲ್ಲೇ ನಿಂತು, ಇನ್ನು ತನ್ನಿಂದ ಆಗುವುದಿಲ್ಲ ಎಂದು ಹೇಳಿದನಂತೆ. ಹೇಳದೆಯೇ ಹಚ್ಚಬಹುದಿತ್ತು. ಬಂದು ಹೇಳಿದ. ಆಯಿ ಅವನನ್ನು ಒಳಗೆ ಕರೆದು ನೀರು ಕೊಡಿಸಿದರಂತೆ.

ಆ ಸಂಜೆ ಅಜ್ಜ ಫೋನಿನಲ್ಲಿ ಹೇಳಿದ ಅಂಕಿ ನೂರಾ ಮೂವತ್ತೊಂದು. ಮರುದಿನ ಅವರು ಫೋನ್ ಮಾಡಲಿಲ್ಲ.

ನಾನು ಎರಡು ದಿನ ಬಿಟ್ಟು ಹೋದೆ. ಹೋಗುವಾಗ ಉಪಕರಣಗಳ ಚೀಲ ಒಯ್ಯಲಿಲ್ಲ. ಆಯಿ ದಿಂಬಿಗೆ ಒರಗಿ ಕೂತಿದ್ದರು, ಕುತ್ತಿಗೆಯ ನರಗಳು ಪ್ರತಿ ಉಸಿರಿಗೂ ಬಿಗಿಯುತ್ತಿದ್ದವು. ಮಗ ಅಂದು ಕೆಲಸಕ್ಕೆ ಹೋಗಿರಲಿಲ್ಲ. ಇಷ್ಟು ದಿನ ಪ್ರತಿ ಸಲವೂ ಏನಾದರೂ ಒಂದು ಹೊಸ ಉಪಾಯದೊಂದಿಗೆ ಆ ಮನೆಗೆ ಹೋಗುತ್ತಿದ್ದವಳು ನಾನು. ಅವರೂ ಅದಕ್ಕೇ ಕಾಯುತ್ತಿದ್ದರು. ಇನ್ನೊಂದು ಸಲ ಹಾಗೆ ಮಾಡಬಾರದೆಂದು ದಾರಿಯಲ್ಲಿಯೇ ತೀರ್ಮಾನಿಸಿದ್ದೆ.

"ಆಯಿ, ಈ ಮನ್ಯಾಗ ಸಂಜಿ ನಾಕ ತಾಸು ನಾ ನಡಸಲಾರೆ" ಎಂದೆ. "ಕರೆಂಟ್ ನೆಟ್ಟಗ ಇರೂ ಊರಾಗ ಹೋಗಿ ಇರ್ರಿ. ಬೈಲಹೊಂಗಲದಾಗ ನಮ್ಮ ಅಂಗಡಿ ಹಿಂದ ಒಂದ ಖೋಲಿ ಖಾಲಿ ಐತಿ. ನಾ ಮಾಲಕರಿಗೆ ಕೇಳೇನಿ."

ಆಯಿ ಅರ್ಧ ಗೋಡೆಯ ಕಡೆಗೆ, ಆಮೇಲೆ ಸೊಸೆಯ ಕಡೆಗೆ ನೋಡಿದರು.

"ಎಷ್ಟ ದಿನದ ಸಲವಾಗಿ ಯವ್ವಾ?"

ಮಳೆಗಾಲ ಮುಗಿಯುವ ತನಕ ಎಂದು ಹೇಳಬೇಕೆಂದುಕೊಂಡೆ, ಬಾಯಿಂದ ಬರಲಿಲ್ಲ. ನೆರೆ ಬಂದಾಗ ಹಳೆಯ ಮನೆಯಿಂದ ಎದ್ದು ಬಂದ ಮೇಲೆ ಇದು ಎರಡನೆಯ ಸಲ ಮನೆ ಬಿಡುವುದು ಎಂದು ಆಯಿ ಅಂದರು. ಮರುದಿನ ಮಗ ಟೆಂಪೋದಲ್ಲಿ ಹಾಸಿಗೆ ಹಾಕಿ, ಸಿಲಿಂಡರು ಕಟ್ಟಿ, ಬಿಸಿಲಿರುವಾಗಲೇ ಅವರನ್ನು ಕರೆತಂದ. ಅಜ್ಜ ಜೊತೆಗೆ ಬಂದರು. ಸೊಸೆ ಅಂಗನವಾಡಿಯ ಕೆಲಸಕ್ಕಾಗಿ ಅಲ್ಲೇ ಉಳಿದಳು. ರವಿವಾರಕ್ಕೊಮ್ಮೆ ಬಸ್ಸಿಗೆ ಬರುತ್ತಿದ್ದಳು.

ಅಂಗಡಿಯ ಹಿಂದಿನ ಖೋಲಿಯಲ್ಲಿ ವೋಲ್ಟೇಜು ಯಾವ ಹೊತ್ತಿಗೂ ಇನ್ನೂರಾ ಇಪ್ಪತ್ತರ ಕೆಳಗೆ ಇಳಿಯುತ್ತಿರಲಿಲ್ಲ. ಯಂತ್ರ ಒಮ್ಮೆಯೂ ಕೂಗಲಿಲ್ಲ. ಆದರೆ ಖೋಲಿಗೆ ಇದ್ದದ್ದು ಒಂದೇ ಕಿಟಕಿ, ಅದೂ ಪಕ್ಕದ ಗೋದಾಮಿನ ಗೋಡೆಗೆ. ಸದಾ ದೀಪ ಉರಿಯಬೇಕು. ಹಗಲೋ ಸಂಜೆಯೋ ಗೊತ್ತಾಗುವುದಿಲ್ಲ ಎಂದು ಆಯಿ ಒಂದು ದಿನ ಹೇಳಿದರು. ನಾನು ಕೆಲಸ ಮುಗಿಸಿ ಹೋಗುವ ಮುಂಚೆ ಇಣುಕುತ್ತಿದ್ದೆ. ಅಜ್ಜ ಅಲ್ಲಿಯೂ ಮೂರು ಗಂಟೆಯೊಳಗೆ ಎರಡೂ ಹೊತ್ತಿನ ಅಡುಗೆ ಮುಗಿಸಿ, ಪಾತ್ರೆ ತೊಳೆದು ಬೋರಲು ಹಾಕಿಬಿಡುತ್ತಿದ್ದರು. ಇಲ್ಲಿ ಯಾವಾಗ ಬೇಕಾದರೂ ಹಚ್ಚಬಹುದು, ರಾತ್ರಿಗೆ ಬಿಸಿ ಮಾಡಿ ಉಣ್ಣಿರಿ ಎಂದು ನಾನು ಎರಡು ಮೂರು ಸಲ ಹೇಳಿದೆ.

"ಗೊತ್ತೈತಿ ತಂಗಿ" ಎಂದರು. "ಸಂಜಿ ಮುಂದ ಅಕಿಗೆ ಭಾಳ ಅಂಜಿಕಿ ಆಕ್ಕೈತಿ. ನಾ ಬಾಜೂಕ ಕುಂತಿರಬೇಕು."

ಆಗ ನನಗೆ ಗೊತ್ತಾಯಿತು, ಯಂತ್ರ ನಿಲ್ಲದಿದ್ದರೂ ಅವರಿಬ್ಬರಿಗೂ ಆ ನಾಲ್ಕು ತಾಸು ಹಾಗೆಯೇ ಉಳಿದಿತ್ತೆಂದು.

ಐದು ವಾರ ಹಾಗೆ ಕಳೆಯಿತು. ಮೋಡ ಸರಿದು ಅಕ್ಟೋಬರಿನ ಬಿಸಿಲು ಬಿತ್ತು. ಇನ್ನೊಂದು ವಾರಕ್ಕೆ ಪ್ಲಾಟಿಗೆ ಹಿಂತಿರುಗಬಹುದು, ಪ್ಯಾನೆಲ್ಲು ಮತ್ತೆ ತುಂಬುತ್ತವೆ ಎಂದು ಮಗ ಹೇಳತೊಡಗಿದ. ಆದರೆ ಆಯಿಯ ಪಾದಗಳಿಗೆ ಬಾವು ಬಂದದ್ದನ್ನು ನಾನು ನೋಡಿದ್ದೆ. ಒಂದು ಬುಧವಾರ ಮಧ್ಯಾಹ್ನ ಹನ್ನೆರಡೂವರೆಗೆ, ಯಂತ್ರ ನಡೆಯುತ್ತಿರುವಾಗಲೇ, ಅವರು ಹೋದರು. ಅಜ್ಜ ಹಿಟ್ಟು ನಾದುತ್ತಿದ್ದರು. ಎರಡು ಸಲ ಕರೆದರೂ ಉತ್ತರ ಬಾರದಿದ್ದಾಗ ಹಿಟ್ಟಿನ ಕೈಯಲ್ಲೇ ಅಂಗಡಿಗೆ ಬಂದು ನನ್ನನ್ನು ಕರೆದರು. ನಾನು ಮೊದಲು ನೋಡಿದ್ದು ಯಂತ್ರವನ್ನು. ಮೂರು ಲೀಟರಿಗೆ ಸರಿಯಾಗಿ ನಡೆಯುತ್ತಿತ್ತು. ಅದನ್ನು ನಿಲ್ಲಿಸಿದೆ. ಅಷ್ಟು ತಿಂಗಳಲ್ಲಿ ಅದನ್ನು ನಾನಾಗಿ ನಿಲ್ಲಿಸಿದ್ದು ಅದೇ ಮೊದಲು.

ಅವರನ್ನು ಕರೆತಂದದ್ದು ಸರಿಯೋ ತಪ್ಪೋ ಎಂದು ನಾನು ಡಾಕ್ಟರನ್ನು ಕೇಳಿದೆ. ಕಾಯಿಲೆ ಮುಗಿಯುವ ಹಂತಕ್ಕೆ ಬಂದಿತ್ತು, ಎಲ್ಲಿದ್ದರೂ ಇಷ್ಟೇ ದಿನ ಎಂದರು. ಅವರು ಅದನ್ನು ಸಮಾಧಾನಕ್ಕೆಂದು ಹೇಳಿದರು. ಎಲ್ಲಿದ್ದರೂ ಇಷ್ಟೇ ದಿನ ಎಂದಾದರೆ ಆ ಮನೆಯಲ್ಲೇ, ಮುಂಬಾಗಿಲಿನ ಬೆಳಕಿನಲ್ಲಿ ಇರಬಹುದಿತ್ತಲ್ಲ ಎಂದು ನನಗೆ ಅನಿಸಿತು. ಈಗಲೂ ಅನಿಸುತ್ತದೆ.

ಹದಿನೈದು ದಿನ ಬಿಟ್ಟು ಪ್ಲಾಟಿಗೆ ಹೋದೆ. ಮುದಿ ಬ್ಯಾಟರಿಯನ್ನು ತೆಗೆದುಹಾಕಿ, ಖೋಲಿಯ ಸಾಮಾನಿನ ಜೊತೆ ಮಗ ಮನೆಗೆ ಒಯ್ದಿದ್ದ ಆಸ್ಪತ್ರೆಯವರ ಯಂತ್ರವನ್ನು ಹಿಂತಿರುಗಿಸುವುದಿತ್ತು. ಹೋದಾಗ ಸಂಜೆಯಾಗಿತ್ತು. ಮಂಚ ಮಡಿಚಿ ಗೋಡೆಗೆ ನಿಲ್ಲಿಸಿದ್ದರು. ಅಜ್ಜ ಬಾಗಿಲ ಹತ್ತಿರ ಕೂತಿದ್ದರು. ಬ್ಯಾಟರಿ ಪರೀಕ್ಷಿಸಿದರೆ ದಿನವಿಡೀ ಯಾರೂ ಬಳಸದೆ ತುಂಬಿಕೊಂಡಿತ್ತು. ಇದ್ದುದರಲ್ಲಿ ಮನೆಯ ದೀಪ ಫ್ಯಾನಿಗೆ ಸಾಕು, ಇರಲಿ ಬಿಡಿ ಎಂದು ಮಗನಿಗೆ ಹೇಳಿ, ಯಂತ್ರವನ್ನಷ್ಟೇ ಪೆಟ್ಟಿಗೆಗೆ ಹಾಕಿದೆ.

ಸೊಸೆ ಹಗಲೇ ಹುರಿದ ಸೇಂಗಾ ಪರಾತದಲ್ಲಿ ಇಟ್ಟುಕೊಂಡು ನಿಂತಿದ್ದಳು. ನಾಳೆ ಬೆಳಿಗ್ಗೆ ಅಂಗನವಾಡಿಗೆ ಒಯ್ಯಬೇಕಾದ ಹಿಂಡಿಗಂತೆ, ಚಟ್ನಿಪುಡಿಗೆ. ಪರಾತ ಕೆಳಗಿಟ್ಟು ಕೇಳಿದಳು.

"ಅಕ್ಕಾರ, ಇನ್ನ ಸಂಜಿ ಮುಂದ ಮಿಕ್ಸರ್ ಹಚ್ಚಬಹುದೇನ್ರಿ?"

"ಹಚ್ಚರಿ" ಎಂದೆ.

ಗೋಡೆಯ ಸಾಕೆಟ್ಟಿಗೆ ಹಾಕಿದಳು. ಗಿರಣಿ ನಡೆಯುತ್ತಿತ್ತು. ಮಿಕ್ಸರು ಗುಂಯ್ ಎಂದಿತೇ ಹೊರತು ತಿರುಗಲಿಲ್ಲ. ಅವಳು ಪಿನ್ನು ಕಿತ್ತು ನನ್ನ ಕಡೆ ನೋಡಿದಳು. ನಾನು ಇನ್ವರ್ಟರಿನ ಸಾಕೆಟ್ಟು ತೋರಿಸಿದೆ. ಅಲ್ಲಿ ಹಾಕಿದೊಡನೆ ಮಿಕ್ಸರು ಪೂರ್ತಿ ವೇಗದಲ್ಲಿ ತಿರುಗಿತು, ಸದ್ದು ಆ ಸಣ್ಣ ಮನೆಯನ್ನೆಲ್ಲ ತುಂಬಿತು.

ಅಜ್ಜ ಗೋಡೆಗೆ ನಿಲ್ಲಿಸಿದ ಮಂಚದ ಕಡೆ ಒಮ್ಮೆ ನೋಡಿ, ಎದ್ದು ಚಪ್ಪಲಿ ಮೆಟ್ಟಿ ಹೊರಗೆ ಹೋದರು.